ರತ್ನತ್ತೆ ಕೈಮುಗಿದ ನೀರು

ಅಂದು ಬೆಳಿಗ್ಗೆ ನಮ್ಮ ಹಿತ್ತಲ ಹಳ್ಳದಲ್ಲಿ ನಿಜಕ್ಕೂ ಏನು ಹರಿಯುತ್ತಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ. ನೆನಪಿನಲ್ಲಿ ಕೆಲವು ಸಲ ತಿಳಿನೀರು ಕಾಣುತ್ತದೆ, ತಳದಲ್ಲಿ ಮರಳಿನ ಕಣಗಳು ಕುದಿಯುವಂತೆ ಮೇಲೇಳುತ್ತಿರುತ್ತವೆ. ಕೆಲವು ಸಲ ಬರೀ ನೊರೆ. ಎರಡೂ ಒಂದೇ ದಿನದವೋ, ಅಥವಾ ಮರಳು ಕುದಿಯುವ ಚಿತ್ರವನ್ನು ಆಮೇಲೆ ಯಾವುದೋ ಪಠ್ಯಪುಸ್ತಕದಲ್ಲಿ ನೋಡಿ ಬಾಲ್ಯಕ್ಕೆ ಅಂಟಿಸಿಕೊಂಡೆನೋ ತಿಳಿಯದು. ವಾಸನೆಯ ಬಗ್ಗೆ ಮಾತ್ರ ಅಷ್ಟು ಅನುಮಾನವಿಲ್ಲ. ಈಗಲೂ ಎಲ್ಲಾದರೂ ಹಸಿ ಸುಣ್ಣದ ವಾಸನೆ ಬಂದರೆ, ಮೈಲುತುತ್ತಕ್ಕೆ ಸುಣ್ಣ ಕಲಸಿ ದ್ರಾಕ್ಷಿ ಬಳ್ಳಿಗೆ ಹೊಡೆಯುತ್ತಿದ್ದ ಚಿಕ್ಕಪ್ಪನ ನೀಲಿ ಅಂಗೈ, ಬಚ್ಚಲ ಒಲೆಯ ಹೊಗೆ, ಅಜ್ಜಿಯ ತಲೆಯ ಸೀಗೆಪುಡಿ ಎಲ್ಲ ಒಟ್ಟಿಗೆ ಎದ್ದು ಬಂದು, ತಣಿಸಂದ್ರದ ಆಚೆಗಿದ್ದ ಆ ಹೆಂಚಿನ ಮನೆ ನನ್ನ ಸುತ್ತ ನಿಂತುಬಿಡುತ್ತದೆ.

ಮನೆ ಇಳಿಜಾರಿನಲ್ಲಿತ್ತು. ಮೇಲೆ ಚಿಕ್ಕಪ್ಪನ ದ್ರಾಕ್ಷಿ ತೋಟ, ಕೆಳಗೆ ಹಿತ್ತಲು, ಹಿತ್ತಲ ಕೊನೆಯಲ್ಲಿ ಮಕ್ಕಳೂ ಹಾರಿ ದಾಟಬಹುದಾದ ಹಳ್ಳ. ಕರೆಂಟು ಬಂದು ಮೋಟರು ಓಡಿದಾಗ ಬಳ್ಳಿಗಳ ಬುಡದಲ್ಲಿ ತುಂಬಿದ ನೀರು ಬದು ಮೀರಿ ಹಳ್ಳಕ್ಕೆ ಇಳಿಯುತ್ತಿತ್ತು. ನಮ್ಮ ಬಚ್ಚಲ ನೀರೂ ಬಾಳೆಗಿಡಗಳನ್ನು ಸುತ್ತಿ ಅಲ್ಲಿಗೇ ಸೇರುತ್ತಿತ್ತು. ಹುಟ್ಟುಬಂಡೆಯೊಂದರ ಪಕ್ಕದ ಸಣ್ಣ ಗುಂಡಿಯನ್ನು ಅಜ್ಜಿ ಗಂಗಮ್ಮ ಎನ್ನುತ್ತಿದ್ದಳು.

"ನನ್ ಮೋಟ್ರು ನಿಂತ್ರೆ ನಿನ್ ಗಂಗಮ್ಮನೂ ನಿಂತೋಯ್ತಾಳೆ ಕಣವ್ವಾ," ಎಂದು ಚಿಕ್ಕಪ್ಪ ಕೆಣಕುತ್ತಿದ್ದ.

"ನಿನ್ ಮೋಟ್ರು ಬರೋಕ್ ಮುಂಚೆಯಿಂದ್ಲೂ ಅವ್ಳು ಇಲ್ಲೇ ಅವ್ಳೆ. ಅವ್ಳ್ ನೀರ್ ಕುಡ್ದೇ ಬೆಳ್ದೆಯಲ್ಲೋ, ಮುಂಡೇದೆ!"

ಅಪ್ಪನ ತಂಗಿ ರತ್ನತ್ತೆ ಚೊಚ್ಚಲ ಬಾಣಂತನಕ್ಕೆ ಆ ಮನೆಗೆ ಬಂದಿದ್ದಳು. ಬಾಣಂತಿ ಹೊರಗೆ ಬರುವ ದಿನ ಗಂಗೆಪೂಜೆ ಮಾಡಿ, ತುಂಬಿದ ಬಿಂದಿಗೆ ಹೊತ್ತು ಒಳಗೆ ಬರುವುದು ನಮ್ಮಲ್ಲಿ ವಾಡಿಕೆ. ಅದು ಬಾವಿಯ ಕಟ್ಟೆಯ ಮೇಲೆ ನಡೆಯಬೇಕು. ಆದರೆ ಸುತ್ತ ಬೋರ್‌ವೆಲ್‌ಗಳು ಇಳಿದ ಮೇಲೆ ನಮ್ಮ ಬಾವಿ ಬತ್ತಿಹೋಗಿತ್ತು. ಪೂಜೆ ಹಳ್ಳದ ಗಂಗಮ್ಮನ ಗುಂಡಿಯಲ್ಲೇ ಆಗಲಿ ಎಂದಳು ಅಜ್ಜಿ. "ಪೂಜೆ ಆಗೋಗಂಟ ಯಾರೂ ಬಚ್ಚಲಿಗೆ ಓಗ್ಬೇಡಿ, ಮೋಟ್ರೂ ಆಕ್ಬೇಡಿ," ಎಂದು ಬೆಳಿಗ್ಗೆಯೇ ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು. ಬೇರೆ ನೀರನ್ನೆಲ್ಲ ತಡೆದು ಉಳಿದದ್ದಕ್ಕೆ ಪೂಜೆ ಸಲ್ಲಿಸುವುದು ಅವಳ ಲೆಕ್ಕ. ಹಾಗೆಂದು ನನ್ನ ನೆನಪು. ಆದರೆ ಇಂದು ಪರೀಕ್ಷಿಸಲು ನನ್ನ ಕೈಗೆ ಅದೇ ಹಳ್ಳ ಕೊಟ್ಟರೆ ನಾನು ಮಾಡುವುದೂ ಅದನ್ನೇ ಆದ್ದರಿಂದ, ಆ ಮಾತನ್ನು ಅಜ್ಜಿಯ ಬಾಯಿಗೆ ನಾನೇ ಇಟ್ಟೆನೇ ಎಂಬ ಗುಮಾನಿ ಬಿಡುವುದಿಲ್ಲ. ಏನೇ ಇರಲಿ, ಗುಡ್ಡದ ಮೇಲೆ ಹೊಸದಾಗಿ ಎದ್ದಿದ್ದ ಬಡಾವಣೆಯನ್ನು ಅವಳು ಮರೆತಿದ್ದಳು. ಅಲ್ಲಿ ಯಾರೋ ಬಟ್ಟೆ ಒಗೆದಿರಬೇಕು. ರತ್ನತ್ತೆ ಗುಂಡಿಯ ಪಕ್ಕ ಕುಳಿತು ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದಾಗ ಬೆಳ್ಳನೆಯ ನೊರೆ ತೇಲಿ ಬಂದು ಅರಿಶಿನದ ಸುತ್ತ ತಿರುಗಿತು.

"ಏನ್ ಬೀಗಿತ್ತಿ, ನಮ್ ಸೊಸೆ ಕೈಲಿ ಬಚ್ಚಲಿಗೆ ಪೂಜೆ ಮಾಡಿಸ್ತಿದೀರಾ?" ಎಂದರು ಯಲಹಂಕದಿಂದ ಬಂದಿದ್ದ ಅವಳ ಗಂಡನ ತಾಯಿ. ಎಲ್ಲರೂ ನಕ್ಕರು, ಅಜ್ಜಿಯೂ.

ಮಳೆಗಾಲ ಮುಗಿಯುವ ಮೊದಲು ಮಗು ಜ್ವರದಲ್ಲಿ ಹೋಯಿತು. ಯಲಹಂಕದ ಆ ಮನೆಯಲ್ಲಿ ಅದೇ ಮಾತನ್ನು ಆ ಬೀಗಿತ್ತಿ ಇನ್ನೊಮ್ಮೆ ಹೇಳಿದರಂತೆ, ಈ ಸಲ ನಗದೆ. ಅಜ್ಜಿ ಮತ್ತೆ ಹಿತ್ತಲಿಗೆ ಇಳಿದದ್ದನ್ನು ನಾನು ನೋಡಲಿಲ್ಲ. ತೋಟ ಹೋಯಿತು, ಮನೆ ಹೋಯಿತು, ಅಜ್ಜಿಯೂ ಚಿಕ್ಕಪ್ಪನೂ ಹೋದರು. ನಿಮ್ಮ ಮನೆಯ ಹಿಂದೆಯೂ ಇಂಥದೊಂದು ಹಳ್ಳವಿದ್ದಿದ್ದರೆ ಅದರ ಗತಿ ನಿಮಗೆ ಗೊತ್ತೇ ಇದೆ: ಎರಡೂ ಬದಿಗೆ ಗೋಡೆ, ತಳಕ್ಕೆ ಕಾಂಕ್ರೀಟು, ಮೂಗು ಮುಚ್ಚಿಕೊಂಡು ದಾಟುವ ಜನ.

ನಾನು ನೀರಿನ ಬಗ್ಗೆಯೇ ಓದಿದೆ. ಮನೆಗಳ ನಡುವಿನ ಸಣ್ಣ ಹರಿವುಗಳನ್ನು ನೋಡಿ, ಇದು ತೊರೆಯೋ ಮೋರಿಯೋ ಎಂದು ಹೇಳುವುದು ನನ್ನ ಕೆಲಸ. ಹಳ್ಳಿಯಲ್ಲಾದರೆ ಸುಲಭ. ಕಡುಬೇಸಿಗೆಯಲ್ಲೂ ಹರಿದರೆ ಅದಕ್ಕೆ ನೆಲದೊಳಗೆ ಮೂಲವುಂಟು. ಈ ಊರಿನಲ್ಲಿ ಬೇಸಿಗೆಯ ಹರಿವನ್ನು ನಂಬುವಂತಿಲ್ಲ. ಅಪಾರ್ಟ್‌ಮೆಂಟಿನ ಹುಲ್ಲಿಗೆ ಬಿಟ್ಟ ನೀರು ಸೋರುತ್ತದೆ, ಪೈಪು ಸೋರುತ್ತದೆ, ಕಾರು ತೊಳೆಯುತ್ತಾರೆ. ಸತ್ತ ತೊರೆಯೂ ಬದುಕಿದಂತೆ ಕಾಣುತ್ತದೆ, ಬದುಕಿರುವುದು ಕೊಳಚೆಯಡಿ ಸತ್ತಂತೆ ಕಾಣುತ್ತದೆ.

ವಿದ್ಯಾರಣ್ಯಪುರದ ಮನೆಯಲ್ಲಿ ರತ್ನತ್ತೆ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನೀನ್ ಇದ್ನೇ ಓದ್ದೋನಲ್ವೇನೋ. ಅವತ್ತು ನಾನ್ ಕೈ ಮುಗ್ದಿದ್ದು ಯಾವ್ ನೀರಿಗೆ?"

ಜ್ವರಕ್ಕೂ ಪೂಜೆಗೂ ಸಂಬಂಧವಿಲ್ಲ ಅತ್ತೆ ಎಂದೆ.

"ಅದ್ ನಂಗೂ ಗೊತ್ತು ಕಣೋ. ನಾನ್ ಕೇಳಿದ್ದು ಅದನ್ನಲ್ಲ."

ಮರಳು ಕುದಿಯುವುದನ್ನು ಕಂಡಿದ್ದೇನೆ ಎನ್ನಬಹುದಿತ್ತು. ಕಂಡೆನೋ ಇಲ್ಲವೋ ಖಾತ್ರಿಯಿಲ್ಲದೆ ಆ ಮಾತು ಬಾಯಿಗೆ ಬರಲಿಲ್ಲ. ಗೊತ್ತಿಲ್ಲ ಎಂದೆ. "ಗೊತ್ತಿಲ್ವಾ? ಸರಿ ಬಿಡು, ಕಾಫಿ ಕುಡ್ಕೊಂಡ್ ಹೋಗು," ಎಂದು ಕಣ್ಣು ಮುಚ್ಚಿಕೊಂಡಳು. ದೀಪಾವಳಿಗೆ ಅವಳು ಇರಲಿಲ್ಲ.

ಮರುಬೇಸಿಗೆಯಲ್ಲಿ, ಚಿಕ್ಕಪ್ಪನ ತೋಟವಿದ್ದ ಜಾಗದಲ್ಲಿ ಎದ್ದಿದ್ದ ಅಪಾರ್ಟ್‌ಮೆಂಟಿನವರು ಪೈಪು ಬದಲಿಸಲೆಂದು ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿದರು. ಬಡಾವಣೆಯ ಕೊಳಚೆ ಅಷ್ಟರಲ್ಲಿ ಬೇರೆ ಕೊಳವೆಗೆ ಹೋಗಿತ್ತು. ನಮ್ಮ ಹಳ್ಳವಾಗಿದ್ದ ಮೋರಿ ಪೂರಾ ಒಣಗಿ ತಳದ ಕಾಂಕ್ರೀಟು ಬಿರುಕು ಬಿಟ್ಟಿತು. ಹಳೆಯದರಲ್ಲಿ ಉಳಿದಿದ್ದುದು ಗೋಡೆಗೆ ಸೇರಿಸಿಬಿಟ್ಟಿದ್ದ ಹುಟ್ಟುಬಂಡೆಯೊಂದೇ. ನಾನು ಹೋಗಿ ನೋಡಿದಾಗ ಅದರ ಪಕ್ಕದ ಬಿರುಕಿನಲ್ಲಿ ಮಾತ್ರ ಒದ್ದೆ. ಒರೆಸಿದೆ, ಮತ್ತೆ ತುಂಬಿತು. ಬಾಟಲಿಗೆ ಹಿಡಿದು ಪರೀಕ್ಷಿಸಿದೆ. ನಲ್ಲಿಯ ನೀರಿನ ಕ್ಲೋರಿನ್ ಇರಲಿಲ್ಲ, ಸೋಪಿನ ಅಂಶವೂ ಇರಲಿಲ್ಲ. ನನ್ನನ್ನೇ ನಂಬದೆ ಬೇರೆ ದಿನಗಳಲ್ಲೂ ಹೋಗಿ, ಬೇರೆಯವರ ಕೈಯಲ್ಲೂ ಪರೀಕ್ಷೆ ಮಾಡಿಸಿದೆ. ಅಂದಿನ ಬೆಳಿಗ್ಗೆಯ ಬಗ್ಗೆ ಇದು ಏನನ್ನೂ ರುಜುವಾತು ಮಾಡುವುದಿಲ್ಲ. ಖಚಿತವಾದದ್ದು ಇಷ್ಟೇ: ರತ್ನತ್ತೆ ಕುಳಿತಿದ್ದ ಜಾಗದಲ್ಲಿ ನೆಲದೊಳಗಿನಿಂದ ನೀರು ಬರುತ್ತದೆ.