ಆರು ತೂತಿನ ನಾಝಲ್

ಪುತ್ತೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ನೋಡಿಕೊಳ್ಳುವ ಲ್ಯಾಬಿನಲ್ಲಿ ಸೀಮೆಎಣ್ಣೆಯಿಂದ ಓಡುವ ಪುಟ್ಟ ಗ್ಯಾಸ್ ಟರ್ಬೈನ್ ಇದೆ. ಇರುವುದು ಅದೊಂದೇ. ಯಾರಾದರೂ ಮುಟ್ಟಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಸುಳ್ಯ ಕಡೆಯ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದರ ಉರಿಕೋಣೆಗೆ ಎಣ್ಣೆ ಚಿಮ್ಮಿಸುವ ನಾಝಲನ್ನು ತಾನೇ ವಿನ್ಯಾಸ ಮಾಡಿ, ಲೋಹದ ಪುಡಿಯಿಂದ ತ್ರೀಡಿ ಪ್ರಿಂಟ್ ಮಾಡಿಸಿ ತಂದಿದ್ದಳು. ಹೆಬ್ಬೆರಳಿನಷ್ಟು ದಪ್ಪ, ಆರು ತೂತು. ಎರಡೇ ದಿನದಲ್ಲಿ ಪರೀಕ್ಷಕರು ಬರುವವರಿದ್ದರು. ಇನ್ನೊಂದು ಮಾಡಿಸಲು ಸಮಯವಿರಲಿಲ್ಲ.

ಆರರಿಂದಲೂ ಒಂದೇ ಸಮ ಎಣ್ಣೆ ಬರಬೇಕು. ಒಂದು ಕಡೆ ಹೆಚ್ಚಾದರೆ ಬೆಂಕಿ ಅತ್ತ ವಾಲಿ ಉರಿಕೋಣೆಯ ತಗಡನ್ನೇ ಸುಟ್ಟುಬಿಡುತ್ತದೆ. ಅದಕ್ಕೇ ತೂತಿಗೆ ಏನನ್ನೂ ತುರುಕಬೇಡ ಎಂದು ಅವಳಿಗೆ ನೂರು ಸಲ ಗದರಿದ್ದೆ.

ಪರೀಕ್ಷಕರು ಬರುವ ಹಿಂದಿನ ದಿನ ಅವಳು ಊಟಕ್ಕೆ ಹೋಗಿದ್ದಾಗ ನಾಝಲಿಗೆ ನೀರು ಬಿಟ್ಟು ನೋಡಿದೆ. ಒಂದು ತೂತಿನಲ್ಲಿ ಪುಡಿ ಉಳಿದು ಕಟ್ಟಿಕೊಂಡಿತ್ತು. ಅಡಿಕೆ ಮರಕ್ಕೆ ಪಂಪಿನಿಂದ ಮದ್ದು ಬಿಡುವಾಗ ನಾಝಲ್ ಕಟ್ಟಿದರೆ ನಮ್ಮೂರಲ್ಲಿ ಯಾರೂ ಯೋಚಿಸುವುದಿಲ್ಲ, ಕಿಸೆಯಿಂದ ಸರಿಗೆ, ಅಂದರೆ ತೆಳು ತಂತಿ, ತೆಗೆದು ಚುಚ್ಚುತ್ತಾರೆ. ನನ್ನ ಕೈಯೂ ಯೋಚಿಸಲಿಲ್ಲ. ಸರಿಗೆ ಒಳಹೊಕ್ಕ ಮೇಲೆ ನಾನೇ ಗದರಿದ್ದು ನೆನಪಾಯಿತು. ನೀರೇನೋ ಚಿಮ್ಮಿತು, ಆದರೆ ತೂತು ದೊಡ್ಡದಾಗಿದ್ದರೆ? ಹುಡುಗಿಯ ವರ್ಷದ ಕೆಲಸ ಮಣ್ಣುಪಾಲು.

ಮುಚ್ಚಿಡುವ ಮನಸ್ಸಾಗಿತ್ತು. ಬಾಗಿಲಲ್ಲಿ ಅವಳ ಮುಖ ಕಂಡಾಗ ಆಗಲಿಲ್ಲ.

“ಇಗೋ, ಈ ತೂತಿಗೆ ಸರಿಗೆ ಹಾಕಿದೆ ಮಾರಾಯ್ತಿ. ತಪ್ಪಾಯ್ತು,” ಎಂದೆ.

ಅವಳು ಬ್ಯಾಗು ಕೆಳಗಿಟ್ಟಳು. “ಸರ್, ಅದರ ಹತ್ತಿರದ್ದಕ್ಕೆ ನಾನು ನಿನ್ನೆಯೇ ಹಾಕಿದ್ದೇನೆ. ಮನೆಯಲ್ಲಿ ಮದ್ದು ಬಿಡುವಾಗ ಹಾಗೇ ಅಲ್ವಾ ಮಾಡುದು? ನೀವು ಬಯ್ತೀರಿ ಅಂತ ಹೆದರಿ ಹೇಳ್ಲಿಲ್ಲ.”

ನನ್ನ ಬಾಯಿಗೆ ಹೆದರಿ ಒಂದು ದಿನವಿಡೀ ಒಬ್ಬಳೇ ನುಂಗಿಕೊಂಡಿದ್ದಳಲ್ಲ ಎಂದು ನನಗೆ ನಾಚಿಕೆಯಾಯಿತು.

ಕ್ಯಾಂಟೀನಿನಿಂದ ಆರು ಸ್ಟೀಲ್ ಲೋಟ ತಂದೆವು. ಒಂದೊಂದು ಧಾರೆಗೂ ಒಂದೊಂದು ಲೋಟ ಒಡ್ಡಿ, ಬಿದ್ದ ನೀರನ್ನು ತೂಗಿದೆವು. ಆರೂ ಹೆಚ್ಚುಕಡಿಮೆ ಒಂದೇ! ನಾನು ಸ್ಟೂಲಿನ ಮೇಲೆ ಕುಸಿದು ಕುಳಿತೆ. ಅವಳು ನಕ್ಕಳು, ನಾನೂ ನಕ್ಕೆ.

ಮರುದಿನ ಪರೀಕ್ಷಕರ ಎದುರು ಟರ್ಬೈನ್ ಕಿವಿ ಕಿವುಡಾಗುವಂತೆ ಓಡಿತು. ಆರಿದ ಮೇಲೆ ಬಿಚ್ಚಿ ನೋಡಿದರೆ ತಗಡು ಸುತ್ತಲೂ ಒಂದೇ ಬಣ್ಣ, ಎಲ್ಲೂ ಸುಟ್ಟ ಕಲೆಯಿಲ್ಲ. ಅಬ್ಬ, ಬದುಕಿದೆ ಅನ್ನಿಸಿತು. ಪರೀಕ್ಷಕರು ನಾಝಲನ್ನು ಬೆಳಕಿಗೆ ಹಿಡಿದು, ಪ್ರಿಂಟ್ ಆದ ಮೇಲೆ ಇದಕ್ಕೆ ಏನಾದರೂ ಮಾಡಿದ್ದೀರಾ ಎಂದು ಕೇಳಿದರು.

“ಎರಡು ತೂತು ಸರಿಗೆ ಹಾಕಿ ಬಿಡಿಸಿದ್ದು ಸರ್. ಒಂದು ನಾನು,” ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ.

“ಇನ್ನೊಂದು ನಾನು,” ಎಂದೆ.