ಸೀಟಿಯ ಹೊತ್ತಿಗೆ ಕುಳಿತವಳು

ನಮ್ಮ ಕಿರಿಯ ಮೊಮ್ಮಗಳು ಕಂಪ್ಯೂಟರಿನ ಕರ್ನಲ್‌ಗೆ ಮಾಡಿದ ತಿದ್ದುಪಡಿಯನ್ನು ಒಪ್ಪಿಕೊಂಡರು! ಬೆಳಿಗ್ಗೆ ಸುದ್ದಿ ಬಂತು. ಸಿಂಧನೂರಿನ ನಮ್ಮ ಓಣಿಯಲ್ಲಿ ನಾನು ಸಕ್ಕರೆ ಹಂಚದ ಮನೆ ಉಳಿಯಲಿಲ್ಲ. ಏನು ವಿಶೇಷ ಎಂದವರಿಗೆಲ್ಲ ‘ಕರ್ನಲ್’ ಎಂದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬಾಯಲ್ಲಿ ಆ ಮಾತು ಕೇಳಿ ಎದುರು ಮನೆಯಾಕೆ, "ಯಾವ ಊರ ದೇವರಬೇ ಅದು?" ಎಂದಳು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು.

ಲಿಂಗಸುಗೂರಿನ ಕಾಲೇಜಿನಲ್ಲಿ ಮೊಮ್ಮಗಳು ಕಂಪ್ಯೂಟರ್ ಕಲಿಸುತ್ತಾಳೆ. ಹೋಗುವಾಗ ಬರುವಾಗ ಬಸ್ಸಿನಲ್ಲಿ ಮಸ್ಕಿ ಬಂದದ್ದೂ ಗೊತ್ತಾಗದ ಹಾಗೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಇದನ್ನೇ ಬರೆದಳು. ಯಾವ ಯಾವ ದೇಶದವರೋ ಪರೀಕ್ಷೆ ಮಾಡಿ ಎರಡು ಸಲ ವಾಪಸು ಕಳಿಸಿದ್ದರು.

ಮೊದಲ ಸಲ ವಾಪಸು ಬಂದ ದಿನ ಒಲೆಯ ಮುಂದೆ ಕುಳಿತು ನನಗೆ ತಿಳಿಸಿ ಹೇಳಿದ್ದಳು.

"ಆಯಿ, ಪ್ರೊಸೆಸರ್ ಅಂದ್ರ ಕಂಪ್ಯೂಟರಿನಾಗ ದುಡಿಯಾಕಿ. ಕರ್ನಲ್ ಅಂದ್ರ ಆಕಿ ಮ್ಯಾಲಿನ ಮೇಸ್ತ್ರಿ. ಎಷ್ಟು ದುಡಿದ್ಲು, ಎಷ್ಟೊತ್ತು ಖಾಲಿ ಕುಂತ್ಲು, ಮೇಸ್ತ್ರಿ ಹೇಳಬೇಕು."

"ಹೇಳ್ಲಿ. ಅದರಾಗ ತಪ್ಪೇನೈತಿ?"

"ಮೇಸ್ತ್ರಿ ಹೊತ್ತಿಗೊಮ್ಮೆ ಅಷ್ಟಽ ಇಣುಕ್ತಾಳ. ಇಣುಕಿದಾಗ ಕುಂತಿದ್ರ, ಆ ಇಡೀ ಹೊತ್ತೂ ಖಾಲಿ ಅಂತಾಳ. ನಡುವ ದುಡಿದದ್ದು ಲೆಕ್ಕಕ್ಕಽ ಇಲ್ಲ. ನಾ ಈಗ ಕುಂತ ಗಳಿಗಿ, ಎದ್ದ ಗಳಿಗಿ ಎರಡೂ ಗುರುತು ಹಾಕ್ಕೊಳ್ಳೋ ಹಂಗ ಮಾಡೀನಿ."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

ವಯಸ್ಸಿನಲ್ಲಿದ್ದಾಗ ಮುಕ್ಕುಂದದ ಕಡೆ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಹೆಣ್ಣಾಳುಗಳ ಮೇಸ್ತ್ರಿಯಾಗಿದ್ದೆ. ಕುದಿಸಿದ ಭತ್ತವನ್ನು ಬಿಸಿಲಿಗೆ ಹರವಿ, ಸಾಲಾಗಿ ನಡೆಯುತ್ತ ಕಾಲಿನಿಂದಲೇ ತಿರುವಿಹಾಕುವ ಕೆಲಸ. ಗಂಟೆಗೊಮ್ಮೆ ಬಾಯ್ಲರಿನ ಸೀಟಿ ಕೂಗುತ್ತಿತ್ತು. ಕೂಗಿದೊಡನೆ ನಾನು ಅಂಗಳಕ್ಕೆ ಬಂದು, ಯಾರು ಕುಳಿತಿದ್ದಾರೋ ಅವರ ಗುರುತಿನ ಮುಂದೆ ಗೋಡೆಗೆ ಇದ್ದಲಿನಿಂದ, ಆ ಗಂಟೆ ಖಾಲಿ ಎಂದು ಒಂದು ಗೆರೆ ಎಳೆಯುತ್ತಿದ್ದೆ. ಕಲಿತ ಅಕ್ಷರ ಮರೆತವಳ ಹಾಜರಿ ಅದು. ಸಂಜೆ ಸಾಹುಕಾರರು ಗೋಡೆ ನೋಡುತ್ತಿದ್ದರು.

ಒಬ್ಬಾಕೆಯ ಮುಂದೆ ಗೆರೆಗಳು ಬೆಳೆದವು. ನಾನು ಬಂದಾಗಲೆಲ್ಲ ಬೇವಿನ ಗಿಡದ ಕೆಳಗೆ ಕುಳಿತಿರುತ್ತಿದ್ದಳು. ಕೊನೆಯ ದಿನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಎದ್ದು ಬಂದಳು.

"ಅಕ್ಕಾ, ಸೀಟಿ ಕೂಗಿದ ಕೂಡ್ಲೇ ಕೂಸು ಎದ್ದು ಅಳ್ತೈತಿ. ಮಲಿ ಬಾಯಿಗಿಟ್ಟು ಮಲಗಿಸಿ ಬರ್ತೀನಿ. ಉಳಿದ ಹೊತ್ತು ನನ್ನ ಕಾಲು ನೋಡು."

ಕಾಲು ತೋರಿಸಿದಳು. ಹಿಮ್ಮಡಿ ಒಡೆದು ಭತ್ತದ ಮುಳ್ಳು ಸೇರಿ ಕೀವಾಗಿತ್ತು. ನೋಡಿದೆ. ನೋಡಿಯೂ, "ಗ್ವಾಡಿ ಸುಳ್ಳು ಹೇಳತೈತೇನು?" ಎಂದೆ. ಮರುದಿನ ಅವಳನ್ನು ಬಿಡಿಸಿದರು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಳಗಾನೂರಿನ ಬಸ್ಸು ಹತ್ತಿದಳಂತೆ. ಆಮೇಲೆ ಆ ಕಡೆಯ ಮಸ್ಕಿಯ ಬಸ್ ನಿಲ್ದಾಣದಲ್ಲಿ ಕುಂಟುತ್ತ ಹೋಗುವ ಹೆಣ್ಣುಮಕ್ಕಳ ಮುಖವನ್ನೆಲ್ಲ ನೋಡಿದ್ದೇನೆ. ಅವಳು ಸಿಗಲಿಲ್ಲ. ಎಲ್ಲಿಯಾದರೂ ಮಿಲ್ಲಿನ ಸೀಟಿ ಕೂಗಿದರೆ ಸಾಕು, ಖಾಲಿ ಮನೆಯಲ್ಲೂ ನನಗೆ ಕೂಸು ಅತ್ತದ್ದು ಕೇಳಿಸುತ್ತದೆ.

ಇವತ್ತು ಸಕ್ಕರೆ ಹಂಚಿ ಬಂದ ಮೇಲೆ ತಡೆಯಲಾಗಲಿಲ್ಲ. ನನ್ನ ಮೇಲೆ ಅವಳಿಗಿರುವ ಗೌರವ ಹೋದರೂ ಹೋಗಲಿ ಎಂದು ಮೊಮ್ಮಗಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಕೈ ಹಿಡಿದಳು.

"ತಪ್ಪು ನಿಂದಲ್ಲ ಆಯಿ, ನೋಡೋ ರೀತಿದು."

"ಮಷೀನಿಗೆ ಬಾಯಿಲ್ಲವ್ವ. ಆಕಿ ಬಾಯಿಬಿಟ್ಟು ಹೇಳಿದ್ಲು. ನಾ ಕೇಳಿಸ್ಕೊಂಡೂ ಗೆರಿ ಅಳಿಸಲಿಲ್ಲ."

ಅವಳು ಹಿಡಿದ ಕೈ ಬಿಡಲಿಲ್ಲ.

ಸಂಜೆ ಗೋಧಿ ಹುಗ್ಗಿ ಮಾಡಿದೆವು. ಮಗ, ಸೊಸೆ, ಕಿರಿಯ ಮೊಮ್ಮಗಳು, ಬಾಣಂತನಕ್ಕೆ ಬಂದಿರುವ ಹಿರಿಯ ಮೊಮ್ಮಗಳು, ಎಲ್ಲರೂ ತಾಟಿನ ಮುಂದೆ ಕುಳಿತೆವು. ಅಷ್ಟರಲ್ಲಿ ರಸ್ತೆಯಾಚೆಯ ಮಿಲ್ಲಿನ ಸೀಟಿ ಕೂಗಿತು. ಕೂಸು ಅತ್ತಿತು. ಮತ್ತೆ ಅದೇ ಅಳು ಎಂದುಕೊಂಡೆ. ತೊಟ್ಟಿಲ ಕಡೆಗೆ ಎಲ್ಲರೂ ತಿರುಗಿದ್ದನ್ನು ಕಂಡ ಮೇಲೆಯೇ, ಈ ಅಳು ನಮ್ಮ ಮನೆಯದು ಎಂದು ಗೊತ್ತಾದದ್ದು.

ಹಿರಿಯವಳು ತುತ್ತು ಬಿಟ್ಟು ಎದ್ದಳು. "ನೀವು ಉಣ್ರಿ, ಹುಗ್ಗಿ ಆರತೈತಿ," ಎಂದಳು.

"ಆರ್ಲಿ ಬಿಡು," ಎಂದು ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದೆ. "ಆಕಿ ಬರೋತನ ಯಾರೂ ಕೈ ಹಚ್ಚಬ್ಯಾಡ್ರಿ."

ಮಗ ಎತ್ತಿದ್ದ ತುತ್ತನ್ನು ಕೆಳಗಿಟ್ಟ. ಒಳಗೆ ಅಳು ಸಣ್ಣದಾಗಿ, ನಿಂತಿತು. ಅವಳು ಸೆರಗು ಸರಿಮಾಡಿಕೊಳ್ಳುತ್ತ ಬಂದು ಕುಳಿತಳು. ಆರಿದ ಹುಗ್ಗಿಗೆ ತುಪ್ಪ ಹಾಕಿಕೊಂಡು ಎಲ್ಲರೂ ಕೂಡಿ ಉಂಡೆವು.