ಎರಡು ಕೋಟಿನ ಕೆಳಗಿನ ತೇವ

ಬಾಡಿಗೆ ಮನೆಯಲ್ಲಿ ಎಲ್ಲಕ್ಕಿಂತ ತೆಳ್ಳಗಿರುವುದು ಬಣ್ಣ. ಬಾಡಿಗೆ ಏರುವುದು ಅದರ ಮೇಲೆಯೇ. ಮನೆ ಖಾಲಿಯಾಗುತ್ತದೆ, ಒಂದು ವಾರ ಕಿಟಕಿ ಬಾಗಿಲು ತೆರೆದಿಟ್ಟು ಬಣ್ಣ ಹೊಡೆಸುತ್ತಾರೆ, ಬಾಡಿಗೆ ಮೇಲಕ್ಕೆ ಹೋಗುತ್ತದೆ. ಗೋಡೆ ಹಳೆಯದೇ, ಸೋರುವ ಪೈಪು ಹಳೆಯದೇ, ಜಿರಳೆಗಳೂ ಹಳೆಯವೇ. ಬಾಡಿಗೆದಾರ ಮಾತ್ರ ಹೊಸಬ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ನಾವೆಲ್ಲ ಮೊದಲು ನೋಡುವುದು ಬಣ್ಣವನ್ನೇ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಒಬ್ಬ ಪೇಂಟರ್. ಅವನ ಅಡ್ಡಹೆಸರು ‘ಎರಡು ಕೋಟು’. “ಒಂದು ಕೋಟು ಸಾಕಲ್ವೇನಪ್ಪಾ?” ಎಂದು ಮನೆ ಮಾಲೀಕರು ಗೊಣಗಿದಾಗಲೆಲ್ಲ ಅವನ ಉತ್ತರ ಒಂದೇ: “ಒಂದು ಗೋಡೆಗೆ, ಇನ್ನೊಂದು ನೋಡೋರ ಕಣ್ಣಿಗೆ.” ಇಪ್ಪತ್ತಾರು ವರ್ಷ ಅವನು ಈ ಎರಡನೆಯ ಕೋಟನ್ನೇ ತಿಂದು ಬದುಕಿದ್ದ. ತೇವ ಹೀರಿ ಉಬ್ಬಿದ ಗೋಡೆಯನ್ನು ಕೆರೆದು, ಬಿರುಕು ಮುಚ್ಚುವ ಪುಟ್ಟಿ ಮೆತ್ತಿ, ಮರಳು ಕಾಗದದಲ್ಲಿ ಉಜ್ಜಿ, ಮದುವೆಗೆ ಹೊರಟವರ ಕೆನ್ನೆಯ ಹಾಗೆ ಮಾಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆ ಮೇಕಪ್ಪು ಹನ್ನೊಂದು ತಿಂಗಳು ತಡೆಯುತ್ತಿತ್ತು. ಬಾಡಿಗೆ ಕರಾರೂ ಹನ್ನೊಂದು ತಿಂಗಳಿನದ್ದೇ. ಇದು ಕಾಕತಾಳೀಯ ಎಂದು ಅವನು ತನ್ನ ಹೆಂಡತಿಗೆ ಹೇಳುತ್ತಿದ್ದ. ಅವಳು ನಂಬುತ್ತಿರಲಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ಕೆಲಸ ಮುಗಿದ ಮೇಲೆ ಗೋಡೆ ಕಪಾಟಿನ ಒಳಗೆ, ಮೇಲಿನ ಮೂಲೆಯಲ್ಲಿ, ಪೆನ್ಸಿಲಿನಿಂದ ಬಣ್ಣದ ನಂಬರು ಮತ್ತು ತಿಂಗಳು ಬರೆಯುವುದು. ಮುಂದೆ ಎಲ್ಲಾದರೂ ತೇಪೆ ಹಾಕಬೇಕಾದರೆ ಅದೇ ಬಣ್ಣ ಸಿಗಲಿ ಅಂತ. ಗೋಡೆಯೊಳಗೆ ನೀರಿದ್ದರೆ ಆ ನಂಬರಿನ ಪಕ್ಕ ಒಂದು ಸೊನ್ನೆ, ಸೊನ್ನೆಯ ನಡುವೆ ಒಂದು ಚುಕ್ಕೆ. ಅದರ ಅರ್ಥ ಅವನಿಗೊಬ್ಬನಿಗೇ ಗೊತ್ತು: ಇಲ್ಲಿ ತೇವ ಇದೆ, ಮುಂದಿನ ಸಲ ಕರೆದರೆ ರೇಟು ಜಾಸ್ತಿ ಹೇಳು. ಡಾಕ್ಟರು ರೋಗ ಕಂಡುಹಿಡಿದು, ರೋಗಿಗೆ ಹೇಳದೆ, ತನ್ನ ಮುಂದಿನ ಫೀಸನ್ನು ಮಾತ್ರ ಬರೆದಿಟ್ಟುಕೊಂಡ ಹಾಗೆ.

ಅವನೂ ಬಾಡಿಗೆದಾರನೇ. ಹೆಂಡತಿ, ಒಂಬತ್ತು ವರ್ಷದ ಮಗಳು, ನೆಲಮಹಡಿಯ ಎರಡು ಕೋಣೆ. ಮಗಳಿಗೆ ಹುಟ್ಟಿದಾಗಿನಿಂದ ಉಬ್ಬಸ. ‘ಒಣಗಿದ ಗೋಡೆ ಇರೋ ಮನೇಲಿ ಇಟ್ಕೊಳ್ಳಿ, ಅದೇ ಅರ್ಧ ಔಷಧಿ’ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಊರಿನವರ ಗೋಡೆಗಳಿಗೆಲ್ಲ ಮುಲಾಮು ಹಚ್ಚಿದ ಈ ಮನುಷ್ಯ ತನ್ನ ಬಾಡಿಗೆ ಮನೆಗೆ ಮಾತ್ರ ನಿಜವಾದ ಚಿಕಿತ್ಸೆ ಮಾಡಿದ. ಬುಡದ ಗಾರೆ ಒಡೆದ, ಪೈಪಿನ ಸೋರುವ ಕೀಲು ಬದಲಿಸಿದ, ಒಣಗಲು ಬಿಟ್ಟ. ಆಮೇಲೆ ಬೇರೆ ಬೇರೆ ಕೆಲಸಗಳಲ್ಲಿ ಡಬ್ಬದ ತಳದಲ್ಲಿ ಉಳಿದ ಬಣ್ಣಗಳನ್ನು ಬೆರೆಸಿ ಹೊಡೆದ. ಅಡುಗೆಮನೆಗೆ ಯಾವುದೋ ಡಾಕ್ಟರ ಮನೆಯ ಹಳದಿ, ಕಿಟಕಿಗೆ ಯಾವುದೋ ಶಾಲೆಯ ನೀಲಿ. ಮನೆ ಎಷ್ಟು ಚೆಂದವಾಯಿತೆಂದರೆ, ಅವನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಮಾಲೀಕರು ಮೇಲಿನ ಮಹಡಿಯಲ್ಲಿದ್ದರು. ನಿವೃತ್ತ ಬಸ್ ಕಂಡಕ್ಟರು. ಬೀದಿಗೆಲ್ಲ ಕಂಡಕ್ಟರ್ ಮಾವ. ಅವರನ್ನು ನೋಡಲು ಬಂದ ನೆಂಟರೊಬ್ಬರು ಕೆಳಗೆ ಇಣುಕಿ, “ಅಯ್ಯೋ, ಇದಕ್ಕೆ ಇಷ್ಟೇನಾ ತಗೊಳ್ತಿರೋದು? ಒಂದೂವರೆ ಪಟ್ಟು ಬರುತ್ತಲ್ಲ ಇದಕ್ಕೆ,” ಎಂದುಬಿಟ್ಟರು. ಮರುದಿನ ಮಾವ ಮೆಟ್ಟಿಲಿಳಿದು ಬಂದರು.

“ನೋಡಪ್ಪ, ನಾನೇನು ಆಸೆಬುರುಕ ಅಲ್ಲ. ಮಗಳು ಅಳಿಯ ಇರೋ ಮನೆಗೆ ಅಲ್ಲಿನ ಓನರು ಏರಿಸಿದಾನೆ. ಅಳಿಯನ ಸಂಬಳ ನಿಂತಲ್ಲೇ ನಿಂತಿದೆ. ಅವರಿಗೆ ನಾನು ಕೊಡಬೇಕು, ನನಗೆ ನೀನು ಕೊಡಬೇಕು.”

“ನನಗೆ ಯಾರು ಕೊಡಬೇಕು ಮಾವ?”

ಮೂವತ್ತು ವರ್ಷ ಚಿಲ್ಲರೆ ಕೊಡದೆ ಜನರನ್ನು ಇಳಿಸಿದ ಅನುಭವ ಮಾವನದು. “ಮುಂದಿನ ಸ್ಟಾಪಲ್ಲಿ ಕೇಳು,” ಎಂದರು. ಆಮೇಲೆ ಮುಖ ಸಣ್ಣ ಮಾಡಿಕೊಂಡು, “ತಿಂಗಳ ಕೊನೆವರೆಗೆ ಟೈಮಿದೆ. ಏರಿಸು, ಇಲ್ಲ ಬೇರೆ ನೋಡ್ಕೋ,” ಎಂದು ಮೆಟ್ಟಿಲು ಹತ್ತಿದರು.

ಕೂತ ಕೊಂಬೆಯನ್ನೇ ಕಡಿದವರ ಕಥೆಯನ್ನು ಪೇಂಟರ್ ಕೇಳಿದ್ದ. ಕೂತ ಕೊಂಬೆಗೆ ಪಾಲಿಶ್ ಹಾಕಿ, ಅದು ಹರಾಜಿಗೆ ಹೋದ ಮೇಲೆ ಕೆಳಗೆ ಬಿದ್ದವನು ಬಹುಶಃ ತಾನೇ ಮೊದಲಿಗ ಎಂದುಕೊಂಡ.

ಮನೆ ಹುಡುಕಾಟ ಶುರುವಾಯಿತು. ಸುತ್ತಲಿನ ಹತ್ತು ಬೀದಿಗಳಲ್ಲಿ ಅವನು ಹತ್ತದ ಏಣಿಯಿಲ್ಲ. ಅದೇ ತೊಂದರೆಯಾಯಿತು. ಹೆಂಡತಿ ಒಂದೊಂದು ಮನೆ ಹೇಳಿದಾಗಲೂ ಅವನು ತಲೆಯಾಡಿಸುತ್ತಿದ್ದ. “ಅದಾ? ಅದರ ಬಾಗಿಲಿಗೆ ಗೆದ್ದಲು, ನಾನೇ ಮೇಣ ತುಂಬಿದ್ದು.” “ಅದಾ? ಅದರ ಬಚ್ಚಲ ನೀರು ನಡುಮನೆಯೊಳಗೇ ಹರಿಯುತ್ತೆ, ನಾನೇ ಮುಚ್ಚಿದ್ದು.”

“ರೀ, ನೀವು ಹಾಳು ಮಾಡದೆ ಇರೋ ಮನೆ ಒಂದಾದರೂ ಇದೆಯಾ ಈ ಕಡೆ?” ಎಂದಳು ಹೆಂಡತಿ.

“ಹಾಳು ಮಾಡಿದ್ದು ನಾನಲ್ಲ ಕಣೇ. ಕಾಣದ ಹಾಗೆ ಮಾಡಿದ್ದು ನಾನು.”

“ಭಾಳ ದೊಡ್ಡ ವ್ಯತ್ಯಾಸ!”

ಕೊನೆಗೆ, ತಿಂಗಳು ಮುಗಿಯಲು ಎಂಟು ದಿನ ಇರುವಾಗ, ಒಂದು ಅಡ್ಡಬೀದಿಯಲ್ಲಿ ಮನೆ ಸಿಕ್ಕಿತು. ಮಾಲಕಿ ಹಿಂದೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಒಬ್ಬಂಟಿ ಹೆಂಗಸು. ಈಗ ಯಾರೂ ಟೈಪಿಂಗ್ ಕಲಿಯುವುದಿಲ್ಲ, ಆದರೂ ಎಲ್ಲರೂ ಅವರನ್ನು ಟೈಪಿಂಗ್ ಅಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಒಂದೇ ಕೋಣೆಯಲ್ಲಿ, ಬಟ್ಟೆ ಮುಚ್ಚಿದ ನಾಲ್ಕು ಮೆಷಿನ್ನುಗಳ ನಡುವೆ ತಾವಿದ್ದು, ಉಳಿದ ಮನೆಯನ್ನು ಬಾಡಿಗೆಗೆ ಬಿಡುತ್ತಿದ್ದರು. ಪೇಂಟರ್ ಒಳಕೋಣೆಗೆ ಹೋದವನೇ ಗೋಡೆಯ ಮೇಲೆ ಅಂಗೈ ಆಡಿಸಿದ. ಅವನ ಮುಖ ಅರಳಿತು.

“ನೋಡೇ, ಕೆಲಸ ಅಂದರೆ ಇದು! ಒಂದು ಅಲೆ ಇಲ್ಲ, ಒಂದು ಗೆರೆ ಇಲ್ಲ. ಯಾವನೋ ಪುಣ್ಯಾತ್ಮ ಮನಸ್ಸಿಟ್ಟು ಹೊಡೆದಿದ್ದಾನೆ. ಇಂಥ ಕೈ ಇರೋನು ಗೋಡೆ ಒಣಗಿಸದೆ ಹೊಡೆದಿರಲ್ಲ.”

“ಸ್ವಲ್ಪ ತಡೀರಿ, ನಲ್ಲಿ ನೋಡೋಣ, ಬಚ್ಚಲು...” ಎಂದು ಹೆಂಡತಿ ಅಂಗಿಯ ತೋಳು ಎಳೆದಳು. ಅವನು ಆಗಲೇ ಟೋಕನ್ ದುಡ್ಡನ್ನು ಟೈಪಿಂಗ್ ಅಮ್ಮನ ಕೈಗಿಟ್ಟಾಗಿತ್ತು. ಅವರು ಅದನ್ನು ಎಣಿಸಲೂ ಇಲ್ಲ. ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದ ಬ್ಯಾಂಕಿನ ವಸೂಲಿಯವನಿಗೆ ಹಾಗೇ ದಾಟಿಸಿದರು. ಕೈಯಿಂದ ಕೈಗೆ, ಬಕೆಟ್ಟಿನಲ್ಲಿ ನೀರು ಸಾಗಿಸಿದ ಹಾಗೆ.

ಆಗ ಒಳಗಿಂದ ಮಗಳ ದನಿ ಬಂತು. ಖಾಲಿ ಮನೆ ಸಿಕ್ಕಿದರೆ ಮಕ್ಕಳು ಹೊಗುವುದು ಕಪಾಟಿನೊಳಗೇ ಅಲ್ಲವೆ.

“ಅಪ್ಪಾ, ಇಲ್ಲಿ ನಿನ್ನ ಅಕ್ಷರ ಇದೆ!”

ಅವನು ತಲೆ ತೂರಿಸಿ ನೋಡಿದ. ಬಣ್ಣದ ನಂಬರು. ಹಿಂದಿನ ವರ್ಷದ ತಿಂಗಳು. ಪಕ್ಕದಲ್ಲಿ ಒಂದು ಸೊನ್ನೆ, ಅದರ ನಡುವೆ ಚುಕ್ಕೆ, ಒಂಟಿ ಕಣ್ಣು ಅವನನ್ನೇ ಪಿಳಿಪಿಳಿ ನೋಡಿದ ಹಾಗೆ.

ಎಲ್ಲ ನೆನಪಾಯಿತು. ಮೇಸ್ತ್ರಿಯೊಬ್ಬನ ಕೈಕೆಳಗೆ ಮಾಡಿದ ಕೆಲಸ. ಮುಂದಿನ ಬಾಗಿಲು ರಿಪೇರಿಯಲ್ಲಿತ್ತು, ಹಿಂದಿನ ಓಣಿಯಿಂದ ಬಂದು ಹೋಗಿದ್ದ. ಮಾಲಕಿಯನ್ನು ಕಂಡೇ ಇರಲಿಲ್ಲ. ಆಗ ಈ ಗೋಡೆ ಸೊಂಟದೆತ್ತರದವರೆಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಅದೇ ಮುಖದಲ್ಲಿ ಎದುರಾಗಿದ್ದರೆ ಥಟ್ಟನೆ ಗುರುತು ಹಿಡಿಯುತ್ತಿದ್ದ. ತಾನೇ ಹಚ್ಚಿದ ಬಣ್ಣದ ಮುಖ ಅವನಿಗೆ ಪರಿಚಯವಿರಲಿಲ್ಲ. ಜಗತ್ತಿಗೆ ಮೋಸ ಮಾಡಿದವರು ಬೇಕಾದಷ್ಟು ಜನ. ತನಗೆ ತಾನೇ ಮೋಸ ಮಾಡಿಕೊಂಡು, ‘ಯಾವನೋ ಪುಣ್ಯಾತ್ಮ’ ಎಂದು ಹೊಗಳಿ, ಮೇಲೆ ಟೋಕನ್ನೂ ಕೊಟ್ಟವನು ಒಬ್ಬನೇ.

“ಅಮ್ಮಾ, ಈ ಗೋಡೆಯೊಳಗೆ ನೀರಿದೆ,” ಎಂದ ಹೊರಗೆ ಬಂದು.

ಟೈಪಿಂಗ್ ಅಮ್ಮ ಬಾಗಿಲು ಹಿಡಿದು ನಿಂತರು. ಸುಳ್ಳು ಹೇಳಲಿಲ್ಲ. “ಇದೆ. ಪೈಪು ಸರಿ ಮಾಡಿಸೋಕೆ ಗೋಡೆ ಒಡೀಬೇಕು. ಒಡೆದರೆ ಎರಡು ತಿಂಗಳು ಮನೆ ಖಾಲಿ. ಎರಡು ತಿಂಗಳು ಬಾಡಿಗೆ ಬರದೆ ಇದ್ದರೆ ಬ್ಯಾಂಕಿನೋರು ನನ್ನನ್ನ ಒಡೀತಾರೆ. ಅದಕ್ಕೇ ಮೇಸ್ತ್ರಿಗೆ ಹೇಳಿದೆ, ಒಡೀಬೇಡಪ್ಪ, ಬಳಿದುಬಿಡು ಅಂತ. ಯಾವನೋ ಕಳ್ಳಗೈಯವನನ್ನ ಕರ್ಕೊಂಡು ಬಂದಿದ್ದ ನೋಡಿ, ದೇವರಿಗೂ ಗೊತ್ತಾಗದ ಹಾಗೆ ಬಳಿದು ಹೋದ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಹೆಂಡತಿ ಮಾತ್ರ ಬಿಡಲಿಲ್ಲ. “ಆ ಕೈ ಇಲ್ಲೇ ಇದೆ ಅಮ್ಮ. ನಾನು ಕಟ್ಟಿಕೊಂಡಿರೋದು ಅದನ್ನೇ.”

ಟೈಪಿಂಗ್ ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ನಿಮ್ಮ ದುಡ್ಡು ಈಗಷ್ಟೇ ಹೋಯ್ತು, ನೀವೇ ನೋಡಿದಿರಿ. ಬೇರೆಯವರು ಬಂದು ಅಡ್ವಾನ್ಸ್ ಕೊಟ್ಟರೆ ಆವತ್ತೇ ವಾಪಸ್ ಕೊಡ್ತೀನಿ.”

ಅಷ್ಟರಲ್ಲೇ ಬೇರೆಯವರು ಬಂದೇಬಿಟ್ಟರು. ಎಳೆಯ ಗಂಡಹೆಂಡತಿ, ಹೆಂಡತಿಯ ಹೆಗಲ ಮೇಲೆ ಮೂರು ತಿಂಗಳ ಕೂಸು. “ಮನೆ ಇದೆ ಅಂದರು?” ಎಂದ ಆ ಗಂಡ. ನೇರವಾಗಿ ಒಳಕೋಣೆಗೆ ಹೋದ, ಗೋಡೆಯ ಮೇಲೆ ಅಂಗೈ ಆಡಿಸಿದ, “ಏನು ಚೆನ್ನಾಗಿ ಹೊಡೆದಿದ್ದಾರೆ!” ಎಂದ.

ನಿಜ ಹೇಳಬೇಕು: ಪೇಂಟರಿಗೆ ಒಳಗೊಳಗೇ ಖುಷಿಯಾಯಿತು. ಅದೇ ಕ್ಷಣದಲ್ಲಿ ಲೆಕ್ಕವೂ ಕಂಡಿತು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಟೋಕನ್ ವಾಪಸ್ ಬರುತ್ತದೆ. ಆ ದುಡ್ಡಿಲ್ಲದೆ ಅವನಿಗೆ ಬೇರೆ ಮನೆಯಿಲ್ಲ, ದಿನ ಎಂಟೇ. ಇಪ್ಪತ್ತಾರು ವರ್ಷ ಬಾಯಿ ಮುಚ್ಚಿದವನಿಗೆ ಇನ್ನೊಂದು ಐದು ನಿಮಿಷ ಭಾರವೆ? ಟೈಪಿಂಗ್ ಅಮ್ಮ ಅವನ ಕಡೆ ನೋಡಲಿಲ್ಲ. ಅವನ ಹೆಂಡತಿಯೂ ನೋಡಲಿಲ್ಲ. ಮಗಳು ಕಪಾಟಿನೊಳಗಿಂದ ಇಳಿದು ಬಂದು ಕೆಮ್ಮಿದಳು. ಒಳಗೆ ಕೂತಿದ್ದು ಹತ್ತು ನಿಮಿಷ, ಅಷ್ಟಕ್ಕೇ ಎದೆಯಲ್ಲಿ ಸಣ್ಣಗೆ ಸೀಟಿ ಹೊಡೆಯುತ್ತಿತ್ತು.  ಆ ಸೀಟಿ ಅವನಿಗೆ ಕೇಳಿಸಿತು.

ಅವನ ಜೇಬಿನಲ್ಲಿ ಪುಟ್ಟಿ ಕೆರೆಯುವ ಅಗಲ ಬ್ಲೇಡು ಸದಾ ಇರುತ್ತಿತ್ತು. ತೆಗೆದ. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ಸಲ ಎಳೆದ. ಎರಡು ಕೋಟು ಒಟ್ಟಿಗೇ ಸಿಪ್ಪೆಯಂತೆ ಸುಲಿದು ಬಂತು. ಕೆಳಗಿನ ಪುಟ್ಟಿ ನೆನೆದ ಹಿಟ್ಟಿನ ಹಾಗೆ ಬ್ಲೇಡಿಗೆ ಮೆತ್ತಿಕೊಂಡಿತು. ಅದರ ಕೆಳಗೆ ಕಪ್ಪು.

“ಕೂಸು ಇರೋರು ಇಲ್ಲಿ ಬರಬೇಡಿ ತಮ್ಮಾ,” ಎಂದ. “ಇದನ್ನ ಹೊಡೆದೋನು ನಾನೇ.”

ಆ ಗಂಡಹೆಂಡತಿ ಹೋದರು. ಧನ್ಯವಾದ ಹೇಳಲಿಲ್ಲ, ಆ ಗಂಡ ಗೇಟಿನಲ್ಲಿ ತಿರುಗಿ ನೋಡಿದ ನೋಟ ಹುಚ್ಚರನ್ನು ನೋಡುವಂಥದು. ಅವರಿಗೂ ತಿಂಗಳ ಕೊನೆ ಹತ್ತಿರವೇ ಇದ್ದಿರಬೇಕು.

“ನನ್ನ ಮನೆಯನ್ನ ನಡುಬೀದಿಯಲ್ಲಿ ಬೆತ್ತಲೆ ಮಾಡಿದಿರಲ್ಲ,” ಎಂದರು ಟೈಪಿಂಗ್ ಅಮ್ಮ. ಕಣ್ಣಲ್ಲಿ ನೀರು. “ಈಗ ಯಾರು ಬರ್ತಾರೆ? ಕಂತು ಯಾರು ಕಟ್ತಾರೆ? ನೀವು ಒಳ್ಳೆಯವರಾಗೋಕೆ ನನ್ನ ಗೋಡೆಯೇ ಬೇಕಿತ್ತಾ?”

ಆ ಮಾತು ಸುಳ್ಳಾಗಿರಲಿಲ್ಲ. ಇಷ್ಟು ವರ್ಷ ಅವರಂಥವರಿಂದ ಕೂಲಿ ಪಡೆದು, ಇವತ್ತು ಹರಿಶ್ಚಂದ್ರನಾದರೆ ಖರ್ಚು ಮಾತ್ರ ಅವರದ್ದು. ತಲೆ ಕೆರೆದುಕೊಂಡ. ಬ್ಲೇಡು ಕೈಯಲ್ಲೇ ಇತ್ತು, ಕೂದಲಿಗೂ ಪುಟ್ಟಿಯಾಯಿತು.

“ನಾನೇ ಒಡೀತೀನಿ ಅಮ್ಮ,” ಎಂದ ಕೊನೆಗೆ. “ಪ್ಲಂಬರ್ ಒಬ್ಬ ಗೆಳೆಯ ಇದ್ದಾನೆ. ಭಾನುವಾರಗಳು ಬರ್ತೀವಿ. ಟೋಕನ್ ದುಡ್ಡು ವಾಪಸ್ ಬೇಡ, ಕಂತಿಗಾಯ್ತು ಅಂದ್ಕೊಳ್ಳಿ. ಕೂಲಿ ಬೇಡ.”

ಹೀಗೆ ಮುಂಗಡ ಕೊಟ್ಟು ಕೂಲಿ ಮಾಡಿದ ಮೊದಲ ಪೇಂಟರ್ ಎಂಬ ಕೀರ್ತಿಯೂ ಅವನ ಪಾಲಿಗೆ ಬಂತು.

ಮನೆ? ಅದನ್ನು ಹೆಂಡತಿ ನೋಡಿಕೊಂಡಳು. ಅವತ್ತೇ ಸಂಜೆ ಮಹಡಿ ಹತ್ತಿ, “ಮಾವ, ಖಾಲಿ ಮಾಡ್ತೀವಿ. ಆದರೆ ಬಣ್ಣ ನಮ್ಮದು. ಕೆರೆದುಕೊಂಡು ಹೋಗ್ತೀವಿ. ಕೀಲೂ ನಮ್ಮದು. ಬಿಚ್ಚಿಕೊಂಡು ಹೋಗ್ತೀವಿ. ಹಳೇ ಸೋರೋ ಕೀಲು ಎತ್ತಿಟ್ಟಿದೀನಿ, ವಾಪಸ್ ಹಾಕ್ತೀವಿ,” ಎಂದಳು. ಮಾವ ಗಲ್ಲ ಕೆರೆದುಕೊಂಡರು. ಏರಿಸಬೇಕೆಂದಿದ್ದರಲ್ಲಿ ಅರ್ಧಕ್ಕೆ ಇಳಿದರು. “ಅಳಿಯನಿಗೆ ಏನು ಹೇಳಲಿ?” ಎಂದರು. “ಮುಂದಿನ ಸ್ಟಾಪಲ್ಲಿ ಕೇಳು ಅನ್ನಿ,” ಎಂದಳು ಅವಳು. ಆ ಅರ್ಧ ಕೂಡ ಇವರಿಗೆ ಭಾರವೇ. ಪೇಂಟರ್ ಬೀಡಿ ಬಿಟ್ಟ, ಬಿಟ್ಟಿದ್ದನ್ನು ಆರೋಗ್ಯಕ್ಕಾಗಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ.

ಈಗ ಅವನು ಸೊನ್ನೆಯನ್ನು ಕಪಾಟಿನೊಳಗೆ ಬರೆಯುವುದಿಲ್ಲ. ತೇವವಿರುವ ಗೋಡೆಯ ಮೇಲೆಯೇ, ಎಲ್ಲರಿಗೂ ಕಾಣುವಂತೆ, ತಟ್ಟೆಯಷ್ಟು ದೊಡ್ಡದಾಗಿ ಬರೆದು, “ಮೊದಲು ಇದನ್ನ ಸರಿ ಮಾಡಿಸಿ, ಆಮೇಲೆ ಕರೀರಿ,” ಎಂದು ಬ್ರಷ್ಷು ಎತ್ತಿಕೊಂಡು ಬರುತ್ತಾನೆ. ಹೆಚ್ಚಿನವರು ಆಮೇಲೆ ಕರೆಯುವುದಿಲ್ಲ. ಬೇರೆ ಯಾರನ್ನಾದರೂ ಕರೆದು ಆ ಸೊನ್ನೆಯ ಮೇಲೆ ಎರಡು ಕೋಟು ಹೊಡೆಸುತ್ತಾರೆ. ವಾರದಲ್ಲಿ ನಾಲ್ಕು ದಿನ ಕೆಲಸವಿದ್ದರೆ ಹೆಚ್ಚು. “ಒಳ್ಳೆಯವನಾಗೋದು ನನಗೆ ಕೈಗೆಟುಕೋ ಚಟ ಅಲ್ಲ,” ಎಂದು ಅವನೇ ನಗುತ್ತಾನೆ. ಟೈಪಿಂಗ್ ಅಮ್ಮನ ಗೋಡೆ ಮಾತ್ರ ಒಣಗಿದೆ. ಅಲ್ಲಿಗೆ ಬಾಡಿಗೆಗೆ ಬಂದವರ ಕೂಸು ಕೆಮ್ಮುವುದಿಲ್ಲ.

ಮನೆಯನ್ನು ಬಾಡಿಗೆಗೆ ಬಿಟ್ಟಿರುವ ನೀವು, ಸಾಲ ನಿಮಗೂ ಇದೆ, ಗೊತ್ತು. ಆದರೂ ಈಗಲೇ ಎದ್ದು ಹೋಗಿ. ಆ ಮನೆಯ ಒಳಕೋಣೆಯಲ್ಲಿ, ಮಂಚದ ಹಿಂದೆ, ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೂರು ಎಣಿಸಿ. ಕೈ ತಣ್ಣಗಾದರೆ ಪೇಂಟರಿಗೆ ಫೋನು ಮಾಡಬೇಡಿ. ಪ್ಲಂಬರಿಗೆ ಮಾಡಿ.